ಹ್ಯಾಕ್ ಆದ ಸರ್ವರಿನ ಹಾರ್ಡ್ ಡಿಸ್ಕ್ ಅಳಿಸಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಮ್ಮ ಬಾಗಲಕೋಟೆಯ ಒಂದು ಪತ್ತಿನ ಸಂಘದ ಸರ್ವರ್ ಹ್ಯಾಕ್ ಆಗಿತ್ತು, ರಿಪೇರಿಗೆ ಬಂದವರು ಸೀದಾ ಫಾರ್ಮ್ಯಾಟ್ ಹೊಡೀತೀವಿ ಅಂದ್ರು, ಸದಸ್ಯರ ಸಾಲ ಉಳಿತಾಯದ ಲೆಕ್ಕ ಎಲ್ಲಾ ಅದರಾಗನ ಐತಿ ಅನ್ನೂದು ಯಾರಿಗೂ ನೆನಪಿಲ್ಲ! ಇದು ಭಾಳ ತಪ್ಪು. ಆ ಡಿಸ್ಕಿನಿಂದ ಬೂಟ್ ಮಾಡಬ್ಯಾಡ್ರಿ, ನೆಟ್ ಇಲ್ಲದ ಬ್ಯಾರೆ ಲಿನಕ್ಸ್ ಮಷೀನಿಗೆ ಹಚ್ಚಿ ರೀಡ್ ಓನ್ಲಿ (ಬರೇ ಓದೂ ಹಂಗ) ಇಟ್ಟು ಪೂರ್ತಿ ಇಮೇಜ್ (ಡಿಸ್ಕ್ ಇದ್ದಂಗ ನಕಲು) ತಗೀರಿ, ಮುಂದಿನ ಕೆಲಸ ಎಲ್ಲಾ ಆ ಕಾಪಿ ಮ್ಯಾಲೆನ.

ಲೆಕ್ಕ ಇಡೂ ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ ಇದ್ರ ಡೇಟಾ ಫೋಲ್ಡರ್ ಇಡೀದು ಬೇಕು, ಬರೇ ಟೇಬಲ್ ಫೈಲ್ ತಂದ್ರ ಸಾಲೂದಿಲ್ಲ, ಐಬಿಡೇಟಾ1 ಅನ್ನೂ ಅದರ ಮುಖ್ಯ ಫೈಲ್ ಮತ್ತ ಲಾಗ್ ಫೈಲೂ ಜೋಡಿ ಇರಬೇಕು, ಮೈಎಸ್‌ಕ್ಯೂಎಲ್ ವರ್ಷನ್ ಸೈತ ಅದೇ ಹಾಕ್ರಿ. ಆದ್ರೂ ಡೇಟಾಬೇಸ್ ಏಳಲಿಲ್ಲ ಅಂದ್ರ ಇನ್ನೋಡಿಬಿ ಫೋರ್ಸ್ ರಿಕವರಿ (ಕೆಟ್ಟ ಡೇಟಾಬೇಸ್ ಒತ್ತಾಯದಿಂದ ಎಬ್ಬಿಸೂ ಸೆಟ್ಟಿಂಗ್) 1ರಿಂದ ಶುರು ಮಾಡ್ರಿ, 4 ಇಲ್ಲಾ ಅದಕ್ಕಿಂತ ಹೆಚ್ಚು ಇಟ್ರ ಡೇಟಾನ ಕೆಡಬಹುದು. ಎದ್ದ ಕೂಡಲೇ ಡಂಪ್ (ಡೇಟಾ ಎಲ್ಲಾ ಇರೂ ಬ್ಯಾಕಪ್ ಫೈಲ್) ತಗೀರಿ. ಹಳೇ ಪಿಎಚ್‌ಪಿ ಫೈಲ್ (ವೆಬ್‌ಸೈಟಿನ ಪ್ರೋಗ್ರಾಂ) ಮಾತ್ರ ಹೊಸ ಸರ್ವರಿಗೆ ತರಬ್ಯಾಡ್ರಿ, ಕಳ್ಳ ಬಿಟ್ಟುಹೋದ ಬಾಗಿಲು ಅಲ್ಲೇ ಇರ್ತೈತಿ, ಡಂಪಿನಾಗೂ ಗೊತ್ತಿಲ್ಲದ ಅಡ್ಮಿನ್ ಯೂಸರ್, ಟ್ರಿಗರ್ (ಡೇಟಾ ಬದಲಾದಾಗ ತಾನಾಗೇ ಓಡೂ ಕೋಡ್) ಅದಾವೇನು ನೋಡ್ರಿ, ಪಾಸ್‌ವರ್ಡ್ ಎಲ್ಲಾ ಬದಲಿಸ್ರಿ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದ ಪ್ರಕಾರ ಇಂಥದ್ದು ಗೊತ್ತಾದ 6 ತಾಸಿನೊಳಗ ಅವರಿಗೆ ವರದಿ ಮಾಡಬೇಕು. ಸಹಕಾರ ಇಲಾಖೆಯವರು ತಾಲೂಕಿನ ಸಂಘಗಳ ಸಿಬ್ಬಂದಿಗೆ ಇದರ ತರಬೇತಿ ಕೊಡಲಿ ಅಂತ ಕೈಮುಗಿದು ಕೇಳ್ತೀನಿ.

ಒಬ್ಬ ಓದುಗ, ಬಾಗಲಕೋಟೆ