ಪ್ರಾಜೆಕ್ಟ್ ಬರೆಯುವವರಿಗೆ: ಲೈಬ್ರರಿ ಪದಗಳು

ಎಲ್ಲರಿಗೂ ನಮಸ್ಕಾರ. ಮಾನಸಗಂಗೋತ್ರಿಯ ಲೈಬ್ರರಿಗೆ ಹೋಗುವ ಮುಂಚೆ ಇದನ್ನು ಓದಿಕೊಳ್ಳಿ. ಪದ ಗೊತ್ತಿಲ್ಲ ಅಂತ ಕೇಳಲು ಹಿಂಜರಿದು ಬರಿಗೈಲಿ ವಾಪಸ್ ಬರಬೇಡಿ.

ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುವುದು ಕಾಲ್ ನಂಬರ್. ಪುಸ್ತಕ ಯಾವ ಕಪಾಟಿನಲ್ಲಿದೆ ಅಂತ ಅದರಿಂದ ಗೊತ್ತಾಗುತ್ತದೆ. ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ 894.814 ಅಂದರೆ ಕನ್ನಡ ಸಾಹಿತ್ಯ. ಅದರ ಕೆಳಗಿನ ಅಕ್ಷರಗಳು ಸಾಮಾನ್ಯವಾಗಿ ಲೇಖಕರ ಹೆಸರಿನವು. ಕಂಪ್ಯೂಟರಿನಲ್ಲಿ ಹುಡುಕುವ ಕ್ಯಾಟಲಾಗಿಗೆ ಓಪ್ಯಾಕ್ ಅನ್ನುತ್ತಾರೆ. ನಂಬರ್ ಅಲ್ಲಿ ಬರೆದುಕೊಂಡು ಆಮೇಲೆ ಕಪಾಟಿನ ಹತ್ತಿರ ಹೋಗಿ, ಸುಮ್ನೆ ಅಲೆಯುವುದು ತಪ್ಪುತ್ತದೆ. ‘ರೆಫರೆನ್ಸ್’ ಅಂತಿದ್ದರೆ ಅಲ್ಲೇ ಕೂತು ಓದಬೇಕು.

ಪ್ರಾಥಮಿಕ ಆಕರ, ದ್ವಿತೀಯ ಆಕರ ಅನ್ನುವುದರಲ್ಲೇ ಗೊಂದಲ ಜಾಸ್ತಿ. ಇದಕ್ಕೆ ನಮ್ಮ ಮೈಸೂರಿನದೇ ಉದಾಹರಣೆ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಇಲ್ಲಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿದವರು ಆರ್. ಶಾಮಾಶಾಸ್ತ್ರಿಗಳು. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಆ ಮೂಲ ಪಠ್ಯ ಪ್ರಾಥಮಿಕ ಆಕರ. ಅದರ ಬಗ್ಗೆ ಆಮೇಲೆ ಬಂದ ಲೇಖನ, ವಿಮರ್ಶೆಗಳೆಲ್ಲ ದ್ವಿತೀಯ. ಎರಡೂ ಬೇಕು. ಆದರೆ ಮೂಲವನ್ನೇ ನೋಡದೆ ಬೇರೆಯವರು ಹೇಳಿದ್ದನ್ನೇ ಬರೆದರೆ ನಮ್ಮ ಕೆಲಸ ಏನಾಯಿತು, ಅಲ್ವಾ?

ಅಬ್‌ಸ್ಟ್ರಾಕ್ಟ್ ಅಂದರೆ ಲೇಖನದ ಮೊದಲಿಗಿರುವ ಸಾರಾಂಶ. ಮೊದಲು ಅದನ್ನು ಓದಿ, ಬೇಕಾದರೆ ಮಾತ್ರ ಮುಂದೆ ಹೋಗಿ. ಪೀರ್ ರಿವ್ಯೂ ಅಂದರೆ ಅದೇ ವಿಷಯ ಬಲ್ಲ ಬೇರೆಯವರು ಪರಿಶೀಲಿಸಿದ ಮೇಲೆ ಪ್ರಕಟಿಸುವುದು. ಪಿಎಚ್.ಡಿ. ಪ್ರಬಂಧಗಳು ಬೇಕಿದ್ದರೆ ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ.

ಯಾರ ಮಾತು ತೆಗೆದುಕೊಂಡರೂ ಪುಸ್ತಕ, ವರ್ಷ, ಪುಟ ಆಗಲೇ ಬರೆದಿಟ್ಟುಕೊಳ್ಳಿ. ಅದೇ ಸೈಟೇಷನ್. ಬೇರೆ ಪದ ಅರ್ಥವಾಗದಿದ್ದರೆ ಇಲ್ಲೇ ಕೇಳಿ.