ಉಪಗ್ರಹಕ್ಕೆ ಕಾಣುವ ಹಸಿರೆಲ್ಲ ಬೆಳೆಯಲ್ಲ: ವಿಜಯಪುರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಬರ ಘೋಷಣೆಗೆ ಮಳೆಯ ಕೊರತೆಯ ಜೊತೆಗೆ ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿದ ಸಸ್ಯ ಸೂಚ್ಯಂಕವನ್ನೂ ನೋಡಬೇಕೆಂದು ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿ ಹೇಳುತ್ತದೆ. ಇದು ಒಳ್ಳೆಯ ಕ್ರಮ. ಆದರೆ ಆ ಸೂಚ್ಯಂಕವನ್ನು ನಮ್ಮ ಜಿಲ್ಲೆಯಲ್ಲಿ ಓದುವ ರೀತಿಯ ಬಗ್ಗೆ, ಡೋಣಿ ನದಿ ದಂಡೆಯ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿ ಜೋಳ ಬೆಳೆಯುವವನಾಗಿ ತಮ್ಮಲ್ಲಿ ಒಂದು ನಿವೇದನೆಯಿದೆ.

ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಎಲೆಯಿಂದ ಪ್ರತಿಫಲಿಸಿ ಬರುವ ಈ ಎರಡು ಬೆಳಕುಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದಾಗ ಸೂಚ್ಯಂಕ ಸಿಗುತ್ತದೆ. ಅದು ಅಳೆಯುವುದು ಎಲೆಯನ್ನು, ಕಾಳನ್ನಲ್ಲ. ಎರಿ ಮಣ್ಣು ತೇವವನ್ನು ಬಹಳ ದಿನ ಹಿಡಿದಿಡುವುದರಿಂದ ಮಳೆ ನಿಂತು ವಾರಗಳಾದರೂ ಜೋಳದ ಎಲೆ ಹಸಿರಾಗಿಯೇ ಇರುತ್ತದೆ. ತೆನೆ ಕಟ್ಟುವ ಹೊತ್ತಿಗೆ ನೆಲ ಬಿರಿದು ಬೇರು ಹರಿದರೆ ಕೈಗೆ ಸಿಗುವುದು ಬರೀ ಕಣಿಕೆ, ಅಂದರೆ ಒಣ ದಂಟು. 2023ರಲ್ಲಿ ರಾಜ್ಯ ಸರ್ಕಾರವೇ ಇಂಥ ಸ್ಥಿತಿಯನ್ನು ‘ಹಸಿರು ಬರ’ ಎಂದು ಕರೆದಿತ್ತು.

ಇದಕ್ಕಿಂತ ದೊಡ್ಡ ತೊಡಕು ಸರಾಸರಿಯದು. ಚುಕ್ಕೆಯೊಂದಕ್ಕೆ 250 ಮೀಟರ್ ಅಗಲವಿರುವ ಚಿತ್ರದಲ್ಲಿ ಪ್ರತಿ ಚುಕ್ಕೆಯೂ ಸುಮಾರು 15 ಎಕರೆಯನ್ನು ಒಂದೇ ಅಂಕಿಯಾಗಿ ಹೇಳುತ್ತದೆ. ಅದರೊಳಗೆ ಕಾಲುವೆ ನೀರಿನ ಕಬ್ಬು, ಹಳ್ಳದ ದಂಡೆಯ ಬಳ್ಳಾರಿ ಜಾಲಿ, ಒಣಗಿದ ಕಡಲೆ ಎಲ್ಲವೂ ಬೆರೆತುಹೋಗುತ್ತವೆ. ಆಲಮಟ್ಟಿಯ ನೀರು ಬಂದ ಮೇಲೆ ಕಬ್ಬು ಹಬ್ಬಿರುವ ತಾಲ್ಲೂಕಿನ ಸರಾಸರಿ ಏರುವುದು ಸಹಜ. ಆ ಏರಿಕೆಯನ್ನೇ ನೋಡಿ ಮಳೆಯಾಶ್ರಿತ ಹೊಲವೂ ಸುಧಾರಿಸಿದೆ ಎಂದು ತಿಳಿಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಸೆಂಟಿನೆಲ್-2 ಉಪಗ್ರಹಗಳ 10 ಮೀಟರ್ ಚಿತ್ರಗಳು ಐದು ದಿನಕ್ಕೊಮ್ಮೆ ಉಚಿತವಾಗಿ ದೊರೆಯುತ್ತವೆ, ಒಂದು ಎಕರೆಗೆ 40 ಚುಕ್ಕೆಗಳು ಬೀಳುತ್ತವೆ. ಮುಂಗಾರಿನಲ್ಲಿ ಮೋಡ ಅಡ್ಡ ಬರುವುದುಂಟು; ನಮ್ಮ ಹಿಂಗಾರಿಯಲ್ಲಿ ಆಕಾಶ ಬಹುತೇಕ ತಿಳಿಯಾಗಿರುತ್ತದೆ. ಇನ್ನು ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆಯಿದೆ ಎಂಬುದು ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಆಗಲೇ ದಾಖಲಾಗಿರುತ್ತದೆ.

ಆದ್ದರಿಂದ ಆ ದಾಖಲೆಯನ್ನು ಚಿತ್ರಗಳೊಂದಿಗೆ ಹೊಂದಿಸಿ, ನೀರಾವರಿ ಹೊಲಗಳನ್ನೂ ಜಾಲಿ ಪೊದೆಗಳನ್ನೂ ಹೊರಗಿಟ್ಟು, ಖುಷ್ಕಿ ಜೋಳ ಮತ್ತು ಕಡಲೆಯ ಹೊಲಗಳನ್ನು ಮಾತ್ರ ಹಿಂದಿನ ವರ್ಷಗಳ ಅದೇ ಹದಿನೈದು ದಿನಗಳ ಅವಧಿಯೊಂದಿಗೆ ಹೋಲಿಸುವಂತೆ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವನ್ನು ತಾವು ಲಿಖಿತವಾಗಿ ಕೋರಬೇಕು. ಹಾಗೆ ಸಿದ್ಧವಾದ ನಕ್ಷೆಯನ್ನು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಕನ್ನಡದಲ್ಲಿ ಅಂಟಿಸಿ, ತಪ್ಪಿದ್ದರೆ ತಿದ್ದುಪಡಿ ಕೇಳಲು ರೈತರಿಗೆ ಹದಿನೈದು ದಿನ ಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಜೋಳ ಹೊಡೆಯಾಗುವ (ತೆನೆ ಹೊರಡುವ) ಮುನ್ನವೇ ಈ ಕೆಲಸ ಶುರುವಾದರೆ, ಕೊಯ್ಲಿಗೆ ಮೊದಲು ಪರಿಶೀಲನೆಗೆ ಬರುವ ತಂಡಕ್ಕೆ ಯಾವ ಹೊಲದಲ್ಲಿ ನಿಂತು ತೆನೆ ಮುರಿದು ನೋಡಬೇಕೆಂಬುದು ತಿಳಿದಿರುತ್ತದೆ.

ತಮ್ಮ ವಿಶ್ವಾಸಿ,
ಡೋಣಿ ದಂಡೆಯ ಒಬ್ಬ ರೈತ