ಮೊದಲು ಚೀಲದ ದಾರಿ ನೋಡಿ, ಆಮೇಲೆ ಕಂಪ್ಯೂಟರ್ ಕೊಳ್ಳಿ

ಮಾನ್ಯ ಸಂಪಾದಕರೇ,

ಗಂಗಾವತಿ, ಕಾರಟಗಿ ಭಾಗದ ಅಕ್ಕಿ ಗಿರಣಿಗಳವರು ಕಂಪ್ಯೂಟರಿಗೆ ಹಣ ಹಾಕುವಾಗ ಮೊದಲು ಕೇಳುವುದು ‘ಯಾವ ಸಾಫ್ಟ್‌ವೇರ್ ಒಳ್ಳೆಯದು?’ ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಭತ್ತದ ಲಾರಿ ಗೇಟಿಗೆ ಬಂದಾಗಿನಿಂದ ರೈತರ ಖಾತೆಗೆ ದುಡ್ಡು ಬೀಳುವವರೆಗೆ ಎಷ್ಟು ಚೀಟಿ ಹರಿಯುತ್ತಾರೆ, ಒಂದೇ ತೂಕವನ್ನು ಎಷ್ಟು ಕಡೆ ಬರೆಯುತ್ತಾರೆ ಎಂಬುದನ್ನು ಗುಮಾಸ್ತರ ಪಕ್ಕ ಎರಡು ದಿನ ಕೂತು ಹಾಳೆಯ ಮೇಲೆ ಇಳಿಸಿಕೊಳ್ಳಬೇಕು. ತಪ್ಪು ಹುಟ್ಟುವುದೇ ಹೀಗೆ ಬರೆದದ್ದನ್ನು ಮತ್ತೆ ಬರೆಯುವಲ್ಲಿ.

ದೊಡ್ಡ ಎಡವಟ್ಟು ಅಳತೆಯದು. ನಮ್ಮಲ್ಲಿ ದರ ಮಾತಾಡುವುದು 75 ಕೆ.ಜಿ. ಚೀಲಕ್ಕೆ, ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ತೋರಿಸುವುದು ಕೆ.ಜಿ., ಬೆಂಬಲ ಬೆಲೆ ಕ್ವಿಂಟಲಿಗೆ. ಸಾಫ್ಟ್‌ವೇರಿನಲ್ಲಿ ‘ಒಂದು ಚೀಲಕ್ಕೆ 75 ಕೆ.ಜಿ.’ ಎಂದು ಕಟ್ಟಿಹಾಕಿದರೆ, ಚೀಲದಲ್ಲಿ 73 ಇದ್ದರೂ ಲೆಕ್ಕದಲ್ಲಿ 75 ಕೂರುತ್ತದೆ. 300 ಚೀಲದ ಲೋಡಿನಲ್ಲಿ 6 ಕ್ವಿಂಟಲ್ ಭತ್ತ ಲೆಕ್ಕದಲ್ಲಿರುತ್ತದೆ, ಗೋದಾಮಿನಲ್ಲಿ ಇರುವುದಿಲ್ಲ. ದಾಸ್ತಾನು ಕೆ.ಜಿ.ಯಲ್ಲೇ ಇರಲಿ, ಚೀಲದ ಎಣಿಕೆಗೆ ಬೇರೆ ಕಾಲಂ ಇರಲಿ. ತೇವಾಂಶದ ಕಡಿತ, ಖಾಲಿ ಚೀಲದ ತೂಕ, ಹಮಾಲಿ ಇವಕ್ಕೂ ಒಂದೊಂದು ಕಾಲಂ ಬೇಕು. ಎಲ್ಲವನ್ನೂ ದರದೊಳಗೇ ಮುರಿದುಬಿಟ್ಟರೆ ನಾಳೆ ರೈತರು ಬಂದು ಕೇಳಿದಾಗ ತೋರಿಸಲು ಏನೂ ಉಳಿಯದು.

ವೇಬ್ರಿಡ್ಜಿನ ತೂಕವನ್ನು ಕೈಯಿಂದ ಟೈಪ್ ಮಾಡುವುದು ಬೇಡ. ತೂಕ ತೋರಿಸುವ ಬಹುತೇಕ ಇಂಡಿಕೇಟರ್‌ಗಳಲ್ಲಿ ಆರ್‌ಎಸ್-232 ಪೋರ್ಟ್ (ತೂಕವನ್ನು ಕಂಪ್ಯೂಟರಿಗೆ ಕಳಿಸುವ ಹಳೆಯ ಬಗೆಯ ಕಿಂಡಿ) ಇರುತ್ತದೆ. ಹೊಸ ಕಂಪ್ಯೂಟರಿನಲ್ಲಿ ಅದು ಸಾಮಾನ್ಯವಾಗಿ ಇಲ್ಲದ್ದರಿಂದ ಯುಎಸ್‌ಬಿ ಕನ್ವರ್ಟರ್ ಬೇಕಾಗುತ್ತದೆ. ಒಂದು ಕಡೆ ಬಾಡ್ ರೇಟ್ (ಮಾಹಿತಿ ಕಳಿಸುವ ವೇಗ) 2400, ಇನ್ನೊಂದು ಕಡೆ 9600 ಇದ್ದರೆ ತೂಕದ ಬದಲು ಅರ್ಥವಿಲ್ಲದ ಅಕ್ಷರ ಬರುತ್ತವೆ. ಕನ್ವರ್ಟರನ್ನು ಬೇರೆ ಕಿಂಡಿಗೆ ಚುಚ್ಚಿದರೂ ಪೋರ್ಟ್ ಸಂಖ್ಯೆ ಬದಲಾಗಿ ತೂಕ ಬರುವುದು ನಿಂತೀತು. ಆ ಕಿಂಡಿಗೆ ಗುರುತು ಹಾಕಿಡಿ.

ಹಳೆಯ ನುಡಿ ಫಾಂಟಿನಲ್ಲಿರುವ ರೈತರ ಹೆಸರುಗಳನ್ನು ಯೂನಿಕೋಡಿಗೆ (ಎಲ್ಲ ಕಂಪ್ಯೂಟರಿನಲ್ಲೂ ಓದಲಾಗುವ ಅಕ್ಷರ ಸಂಕೇತ) ಬದಲಿಸಿಯೇ ಹೊಸ ಸಾಫ್ಟ್‌ವೇರಿಗೆ ಸೇರಿಸಬೇಕು.

ಬ್ಯಾಕಪ್ ವಿಷಯದಲ್ಲಿ ತೋರುವ ಉದಾಸೀನ ನಿಜಕ್ಕೂ ಭಯ ಹುಟ್ಟಿಸುತ್ತದೆ. ಜಿಎಸ್‌ಟಿ ನಿಯಮದಂತೆ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. ಕಂಪ್ಯೂಟರಿಗೆ ಸದಾ ಚುಚ್ಚಿಯೇ ಇರುವ ಪೆನ್‌ಡ್ರೈವ್ ಬ್ಯಾಕಪ್ ಅಲ್ಲ. ರ‍್ಯಾನ್ಸಮ್‌ವೇರ್ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ ಬಂದರೆ ಅದೂ ಲಾಕ್ ಆಗುತ್ತದೆ. ಎರಡು ಹಾರ್ಡ್‌ಡಿಸ್ಕ್ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸಿ, ಒಂದು ಯಾವಾಗಲೂ ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡದಿದ್ದರೆ ಅದು ಕೆಟ್ಟಿರುವುದು ಬೇಕಾದ ದಿನವೇ ಗೊತ್ತಾಗುತ್ತದೆ. ತೌಡಿನ ಧೂಳು ಫ್ಯಾನಿಗೆ ಮೆತ್ತಿ ಕಂಪ್ಯೂಟರ್ ಬಿಸಿಯಾಗುವ ಗಿರಣಿಯಲ್ಲಿ ಇದು ಇನ್ನೂ ಮುಖ್ಯ.

ಕೊನೆಯದಾಗಿ, ಪುಸ್ತಕ ಬಿಟ್ಟು ಕಂಪ್ಯೂಟರಿಗೆ ಬದಲಾಗುವ ದಿನ ಗೊತ್ತು ಮಾಡುವುದು. ಆರ್ಥಿಕ ವರ್ಷದ ಮೊದಲ ದಿನವೆಂದು ಎಲ್ಲರೂ ಏಪ್ರಿಲ್ 1 ಆರಿಸುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಸಿಕ್ಕ ವರ್ಷ ಬೇಸಿಗೆ ಭತ್ತ ಗಿರಣಿಗೆ ಬರುವುದೂ ಅದೇ ಹೊತ್ತಿಗೆ. ಲಾರಿ ಸಾಲು ನಿಂತಾಗ ಯಾರೂ ಹೊಸದು ಕಲಿಯಲಾರರು, ಗುಮಾಸ್ತರು ಮತ್ತೆ ಹಳೆಯ ಪುಸ್ತಕ ತೆರೆಯುತ್ತಾರೆ. ಫೆಬ್ರುವರಿಯಲ್ಲೇ 15 ದಿನ ಪುಸ್ತಕ, ಕಂಪ್ಯೂಟರ್ ಎರಡರಲ್ಲೂ ಬರೆದು ದಿನಾ ಸಂಜೆ ತಾಳೆ ನೋಡಿ. ತಾಳೆಯಾಗದಿದ್ದರೆ ಏಪ್ರಿಲ್ ಬಿಟ್ಟು, ಆವಕ ಕಡಿಮೆಯಿರುವ ಆಗಸ್ಟಿಗೆ ಮುಂದೂಡಿ.

– ಗಿರಣಿ ಲೆಕ್ಕಪತ್ರ ಸಲಹೆಗಾರರು, ಗಂಗಾವತಿ, ಕೊಪ್ಪಳ ಜಿಲ್ಲೆ